ಖಾತೆ ಇಲ್ಲದ ಮಂತ್ರಿಗಳು: ದೊಡ್ಡ ನಟರನ್ನು ಕರೆತಂದು ಕೆಲಸ ಕೊಡದ ಸಿನಿಮಾಗಳ ಲೆಕ್ಕಾಚಾರ

2023ರ ಮಾರ್ಚ್ 17. ಅಪ್ಪು ಹುಟ್ಟಿದ ದಿನ. ‘ಕಬ್ಜ’ ಬಿಡುಗಡೆಯಾದ ದಿನವೂ ಅದೇ. ಅಮ್ಮನನ್ನು ಕರ್ಕೊಂಡು ಸಿನಿಮಾಗೆ ಹೋಗಿದ್ದೆ. ಪುನೀತ್ ಹೋದ ಮೇಲೆ ಅಮ್ಮ ಥಿಯೇಟರ್ ಕಡೆ ತಲೆ ಹಾಕಿರಲಿಲ್ಲ. ಪೋಸ್ಟರ್‌ನಲ್ಲಿ ಉಪೇಂದ್ರ, ಸುದೀಪ್, ಶಿವಣ್ಣ ಮೂವರೂ ಇದ್ದಾರೆ ಅಂತ ಗೊತ್ತಾದ ಮೇಲೆ ಒಪ್ಪಿದಳು. 1986ರಲ್ಲಿ ‘ಆನಂದ್’ ಬಂದಾಗ ಶಿವಣ್ಣನನ್ನು ಮೊದಲ ಸಲ ನೋಡಿದವಳು ಅವಳು. ಅವತ್ತಿನಿಂದ ಆ ಮನೆಯ ಸಿನಿಮಾ ಅಂದರೆ ಅವಳಿಗೆ ಹತ್ತಿರದ ನೆಂಟರ ಮನೆಯ ಕಾರ್ಯ ಇದ್ದಹಾಗೆ.

ಅರ್ಧ ಗಂಟೆಯಾದ ಮೇಲೆ ಕೇಳಿದಳು, “ಶಿವಣ್ಣ ಯಾವಾಗ್ಲೋ ಬರೋದು?” ಇಂಟರ್ವಲ್‌ನಲ್ಲಿ ಮತ್ತೆ ಅದೇ ಪ್ರಶ್ನೆ. ಕೊನೆಯ ಫೈಟ್ ನಡೆಯುವಾಗ ಮೂರನೇ ಸಲ. ಶಿವಣ್ಣ ಬಂದದ್ದು ಸಿನಿಮಾ ಮುಗಿಯೋ ಹೊತ್ತಿಗೆ. ಬಂದರು, ಥಿಯೇಟರ್ ತುಂಬ ಶಿಳ್ಳೆ ಬಿತ್ತು, ಎರಡನೇ ಭಾಗ ಬರುತ್ತೆ ಅನ್ನೋ ಸುಳಿವು ಕೊಟ್ಟು ಲೈಟ್ ಹಾಕಿದರು. ಹೊರಗೆ ಬರುವಾಗ ಅಮ್ಮ ಹೇಳಿದ್ದು ಒಂದೇ ಮಾತು: “ಮದ್ವೆಗೆ ಕರ್ದು, ಊಟಕ್ಕೆ ಕೂರಿಸ್ದೆ ಕಳ್ಸಿದಂಗಾಯ್ತಲ್ಲೋ.”

ಆ ಮಾತಿನಲ್ಲಿ ಒಂದು ಪ್ರಶ್ನೆ ಇದೆ. ಊಟ ಹಾಕೋ ಉದ್ದೇಶ ಇಲ್ಲದಿದ್ದರೆ ಕರೆದದ್ದು ಯಾಕೆ? ಒಳ್ಳೆ ನಟರಿದ್ದೂ ಸಿನಿಮಾ ಕೆಟ್ಟರೆ ನಾವು ಸಾಮಾನ್ಯವಾಗಿ ಬೈಯೋದು ನಿರ್ದೇಶಕನನ್ನು. “ಇಂಥವರನ್ನೆಲ್ಲ ಇಟ್ಕೊಂಡು ಹಿಂಗಾ ಮಾಡೋದು?” ಅಂತೀವಿ. ಕೈಜಾರಿ ಆದ ತಪ್ಪು ಅನ್ನೋ ಹಾಗೆ ಮಾತಾಡ್ತೀವಿ. ನನ್ನ ವಾದ ಬೇರೆ. ಕಳೆದ ಏಳೆಂಟು ವರ್ಷಗಳಲ್ಲಿ ದಕ್ಷಿಣದ ದೊಡ್ಡ ಬಜೆಟ್ ಸಿನಿಮಾಗಳಲ್ಲಿ ನಟರು ವ್ಯರ್ಥವಾಗುತ್ತಿರುವುದು ಬಹುಪಾಲು ಕೈಜಾರಿ ಅಲ್ಲ. ಅವರನ್ನು ನಟನೆಗಾಗಿ ಕರೆದಿರುವುದೇ ಇಲ್ಲ.

ಗೂಟದ ಕಾರು ಇದೆ, ಖಾತೆ ಇಲ್ಲ

ರಾಜಕೀಯ ನೋಡೋರಿಗೆ ಇದು ತಕ್ಷಣ ಅರ್ಥವಾಗುತ್ತೆ. ಸಂಪುಟ ರಚನೆ ಆಗುವಾಗ ನಡೆಯೋ ಲೆಕ್ಕ ನಿಮಗೆ ಗೊತ್ತು. ಹಳೇ ಮೈಸೂರಿಗೆ ಇಷ್ಟು, ಕಲ್ಯಾಣ ಕರ್ನಾಟಕಕ್ಕೆ ಇಷ್ಟು, ಆ ಸಮುದಾಯಕ್ಕೆ ಒಂದು, ಈ ಬಣಕ್ಕೆ ಇನ್ನೊಂದು. ಪ್ರಮಾಣವಚನದ ದಿನ ಫೋಟೋ ಚೆನ್ನಾಗಿ ಬರುತ್ತೆ. ಎಲ್ಲ ಕಡೆಯವರೂ ಇದ್ದಾರೆ ಅಂತ ಕಾಣುತ್ತೆ. ಆಮೇಲೆ ನೋಡಿದರೆ ಕೆಲವರಿಗೆ ಗೂಟದ ಕಾರು ಸಿಕ್ಕಿರುತ್ತೆ, ಮಾಡೋದಕ್ಕೆ ಕೆಲಸ ಸಿಕ್ಕಿರಲ್ಲ. ಅವರು ಸಂಪುಟದಲ್ಲಿ ಇರೋದೇ ಅವರ ಕೆಲಸ.

‘ಪ್ಯಾನ್ ಇಂಡಿಯಾ’ ಅಂತ ಕರೆಸಿಕೊಳ್ಳೋ ಸಿನಿಮಾಗಳ ಪಾತ್ರವರ್ಗವೂ ಹೀಗೇ ಆಯ್ಕೆಯಾಗುತ್ತೆ. ಕರ್ನಾಟಕದಿಂದ ಒಬ್ಬರು, ಕೇರಳದಿಂದ ಒಬ್ಬರು, ತೆಲುಗಿನಿಂದ ಒಬ್ಬರು, ಹಿಂದಿಯಿಂದ ಒಬ್ಬರು. ಪೋಸ್ಟರ್ ಒಳ್ಳೆ ಸಂಪುಟದ ಫೋಟೋ ಥರ ಇರುತ್ತೆ. ಖಾತೆ ಹಂಚಿಕೆ ಮಾತ್ರ ಆಗಿರಲ್ಲ.

ಎಂಜಿನಿಯರಿಂಗ್ ಕೊನೇ ವರ್ಷದ ನಮ್ಮ ಪ್ರಾಜೆಕ್ಟ್ ನೆನಪಾಗುತ್ತೆ. ನಾಲ್ಕು ಜನ ದುಡ್ಡು ಹಾಕಿ ಒಂದು ದುಬಾರಿ ಪ್ರೊಸೆಸರ್ ಬೋರ್ಡ್ ತರಿಸಿದ್ವಿ. ಕೊನೆಗೆ ಅದು ಮಾಡಿದ ಕೆಲಸ ಏನು? ಒಂದು ಎಲ್‌ಇಡಿಯನ್ನು ಹತ್ತಿಸಿ ಆರಿಸಿದ್ದು. ಎಸ್‌ಪಿ ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗೋ ಟೈಮರ್ ಚಿಪ್ ಮಾಡೋ ಕೆಲಸ ಅದು. ಆದರೆ ಬೋರ್ಡಿನ ಹೆಸರನ್ನು ರಿಪೋರ್ಟಿನ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ವಿ. ಮಾರ್ಕ್ಸ್ ಬಂತು. ಅಂದರೆ ನಾವು ಬೋರ್ಡ್ ತಂದದ್ದು ಸರ್ಕಿಟ್ಟಿಗಲ್ಲ, ರಿಪೋರ್ಟಿಗೆ. ಬೋರ್ಡ್ ವ್ಯರ್ಥವಾಯಿತಾ? ಸರ್ಕಿಟ್ ಕಡೆಯಿಂದ ನೋಡಿದರೆ ಹೌದು. ರಿಪೋರ್ಟ್ ಕಡೆಯಿಂದ ನೋಡಿದರೆ ಅದು ತನ್ನ ಕೆಲಸ ಪೂರ್ತಿ ಮಾಡಿತ್ತು.

ಹಾಗಾಗಿ ನಟ ವ್ಯರ್ಥವಾಗಿದ್ದಾನಾ ಇಲ್ಲವಾ ಅಂತ ತಿಳಿಯೋದಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಆ ಪಾತ್ರವನ್ನು ಕಥೆಯಿಂದ ಎತ್ತಿಬಿಡಿ. ಕಥೆ ಕುಸಿದರೆ ಅಲ್ಲಿ ನಟನಿಗೆ ಕೆಲಸ ಇತ್ತು. ಕಥೆಗೆ ಏನೂ ಆಗದೆ ಪೋಸ್ಟರ್ ಮಾತ್ರ ಖಾಲಿ ಕಂಡರೆ ಅಲ್ಲಿ ಕೆಲಸ ಇರಲಿಲ್ಲ.

ಐದು ತಿಂಗಳ ಅಂತರ, ಒಬ್ಬನೇ ನಟ

ಈ ಪರೀಕ್ಷೆಯನ್ನು ಶಿವರಾಜಕುಮಾರ್ ಅವರ ಮೇಲೇ ಮಾಡೋಣ. ಅದೇ 2023ರಲ್ಲಿ ಅವರು ಎರಡು ಸಿನಿಮಾಗಳಲ್ಲಿ ಸ್ವಲ್ಪ ಹೊತ್ತು ಬಂದು ಹೋದರು. ಮಾರ್ಚ್‌ನಲ್ಲಿ ‘ಕಬ್ಜ’, ಆಗಸ್ಟ್ 10ಕ್ಕೆ ರಜನಿಕಾಂತ್ ಅವರ ‘ಜೈಲರ್’. ಎರಡರಲ್ಲೂ ಇದ್ದದ್ದು ಕೆಲವೇ ನಿಮಿಷ. ‘ಕಬ್ಜ’ದ ಶಿವಣ್ಣನನ್ನು ಇವತ್ತು ಯಾರೂ ನೆನಪಿಸಿಕೊಳ್ಳಲ್ಲ. ‘ಜೈಲರ್’ನಲ್ಲಿ ಕೈಯಲ್ಲಿ ಟಿಶ್ಯೂ ಡಬ್ಬ ಹಿಡಿದು ನಡೆದು ಬಂದ ನರಸಿಂಹನನ್ನು ಕನ್ನಡವೇ ಗೊತ್ತಿಲ್ಲದವರೂ ಮೀಮ್ ಮಾಡಿ ಹಂಚಿಕೊಂಡರು.

ವ್ಯತ್ಯಾಸ ನಿಮಿಷಗಳಲ್ಲಿ ಇಲ್ಲ. ‘ಜೈಲರ್’ನ ನಾಯಕ ಮೊಮ್ಮಗನ ಜೊತೆ ಕಾಲ ಕಳೆಯೋ ನಿವೃತ್ತ ಜೈಲರ್. ಅವನು ಹಿಂದೆ ಎಂಥ ಮನುಷ್ಯ ಆಗಿದ್ದ ಅಂತ ನಮಗೆ ಮನವರಿಕೆ ಆಗಬೇಕಾದರೆ, ಅವನ ಕೈಕೆಳಗೆ ಜೈಲಲ್ಲಿದ್ದವರು ಇವತ್ತೂ ಅವನ ಒಂದು ಮಾತಿಗೆ ಎದ್ದು ಬರಬೇಕು. ಹಾಗೆ ಬರೋರು ತಮ್ಮ ಊರಲ್ಲಿ ತಾವೇ ದೊರೆಗಳ ಥರ ಇರೋರಾದರೆ ಆ ಮಾತಿಗೆ ತೂಕ. ಅದಕ್ಕೇ ಅಲ್ಲಿ ಮೋಹನ್‌ಲಾಲ್ ಬೇಕಿತ್ತು, ಶಿವಣ್ಣ ಬೇಕಿತ್ತು. ಅವರ ಸ್ಟಾರ್‌ಗಿರಿಯನ್ನೇ ನಿರ್ದೇಶಕ ನೆಲ್ಸನ್ ಕಥೆಗೆ ದುಡಿಸಿಕೊಂಡರು. ಅವರನ್ನು ತೆಗೆದರೆ ನಾಯಕ ಬರೀ ಕೋಪಿಷ್ಟ ತಾತ ಆಗಿಬಿಡುತ್ತಾನೆ.

‘ಕಬ್ಜ’ದಲ್ಲಿ ಸುದೀಪ್ ಪೊಲೀಸ್ ಅಧಿಕಾರಿ ಭಾರ್ಗವ್ ಬಕ್ಷಿ. ಅವರ ಮುಖ್ಯ ಕೆಲಸ ಉಪೇಂದ್ರ ಮಾಡಿದ ಅರ್ಕೇಶ್ವರನ ಕಥೆಯನ್ನು ನಮಗೆ ಹೇಳೋದು. ಅಂದರೆ 2012ರ ‘ಈಗ’ದಲ್ಲಿ ಕಣ್ಣಿಗೆ ಕಾಣದ ಒಂದು ನೊಣದ ಎದುರು ನಿಂತು, ಗ್ರಾಫಿಕ್ಸ್ ಆಮೇಲೆ ಸೇರಿಸಿದರೂ ನೊಣ ಅಲ್ಲೇ ಇತ್ತು ಅಂತ ನಂಬಿಸಿದ ನಟನಿಗೆ ಇಲ್ಲಿ ಸಿಕ್ಕಿದ್ದು ನಿರೂಪಕನ ಹುದ್ದೆ. ರಾಜಮೌಳಿ ಸುದೀಪ್‌ಗೆ ಕೊಟ್ಟಿದ್ದು ಒಂದು ಕಷ್ಟದ ಕೆಲಸ. ‘ಕಬ್ಜ’ ಕೊಟ್ಟಿದ್ದು ಒಂದು ಕೋಟು.

ಇದರ ಅರ್ಥ ನಿರ್ದೇಶಕ ಆರ್. ಚಂದ್ರು ಅವರಿಗೆ ಸಿನಿಮಾ ಬರಲ್ಲ ಅಂತಲ್ಲ. ‘ತಾಜ್‌ಮಹಲ್’, ‘ಚಾರ್‌ಮಿನಾರ್’ ಮಾಡಿದವರು ಅವರು. ಆ ಸಿನಿಮಾಗಳಲ್ಲಿ ಪ್ರೀತಿ ಕಳೆದುಕೊಂಡ ಹುಡುಗರ ನೋವು ನಿಜವಾಗಿತ್ತು. ಆದರೆ ‘ಕೆಜಿಎಫ್ ಚಾಪ್ಟರ್ 2’ ಮತ್ತು ‘ಕಾಂತಾರ’ ಬಂದ 2022ರ ಮರುವರ್ಷ ಗಾಂಧಿನಗರದಲ್ಲಿ ಎಲ್ಲರಿಗೂ ಬೇಕಾಗಿದ್ದು ಆ ಅಳತೆಯ ಇನ್ನೊಂದು. ‘ಕೆಜಿಎಫ್’ನ ಬಣ್ಣ, ‘ಕೆಜಿಎಫ್’ನ ಸಂಗೀತ ನಿರ್ದೇಶಕ, ‘ಕೆಜಿಎಫ್’ನ ಗಡಸು ನಿರೂಪಣೆ ಎಲ್ಲ ತಂದದ್ದಾಯಿತು. ತರಲು ಮರೆತದ್ದು ಒಂದೇ. ‘ಕೆಜಿಎಫ್’ನಲ್ಲಿ ತಾಯಿಗೆ ಕೊಟ್ಟ ಮಾತು ಅನ್ನೋ ಒಂದು ದಾರ ಇತ್ತು. ಅದನ್ನು ಎಳೆದರೆ ಇಡೀ ಸಿನಿಮಾ ಬಿಚ್ಚಿಕೊಳ್ಳುತ್ತಿತ್ತು.

ನಟ ಅಂದರೆ ಏರಿಯಾ

ಹಾಗಾದರೆ ಕೆಲಸ ಇಲ್ಲದ ಜಾಗಕ್ಕೆ ದೊಡ್ಡ ಸಂಭಾವನೆ ಕೊಟ್ಟು ಯಾಕೆ ಕರೀತಾರೆ? ಇದಕ್ಕೆ ಸಿನಿಮಾ ಮಾರಾಟ ಆಗೋ ರೀತಿ ನೋಡಬೇಕು.

ಹಿಂದೆ ಕನ್ನಡ ಸಿನಿಮಾದ ವ್ಯಾಪಾರ ಅಂದರೆ ಏರಿಯಾ ಲೆಕ್ಕ. ಬಿಕೆಟಿ ಅಂದರೆ ಬೆಂಗಳೂರು-ಕೋಲಾರ-ತುಮಕೂರು ಯಾರಿಗೆ, ಮೈಸೂರು-ಮಂಡ್ಯ ಕಡೆ ಯಾರಿಗೆ, ಹುಬ್ಬಳ್ಳಿ ಕಡೆ ಯಾರಿಗೆ ಅಂತ ಹಂಚಿಕೆದಾರರ ಜೊತೆ ಮಾತು ಆಗುತ್ತಿತ್ತು. ಆಮೇಲೆ ಸ್ಯಾಟಲೈಟ್ ಹಕ್ಕು ಬಂತು, ಹಿಂದಿ ಡಬ್ಬಿಂಗ್ ಹಕ್ಕು ಬಂತು, ಒಟಿಟಿ ಬಂತು. ಇವೆಲ್ಲ ಎಷ್ಟೋ ಸಲ ಸಿನಿಮಾ ಪೂರ್ತಿಯಾಗುವ ಮೊದಲೇ ಮಾತಾಗೋ ವ್ಯಾಪಾರಗಳು. ಕೊಳ್ಳೋನ ಮುಂದೆ ಆಗ ಇರೋದು ಸಿನಿಮಾ ಅಲ್ಲ, ಹೆಸರುಗಳ ಪಟ್ಟಿ ಮತ್ತು ಒಂದು ಟೀಸರ್. ಪಟ್ಟಿಯಲ್ಲಿ ಮಲಯಾಳಂ ಹೆಸರಿದ್ದರೆ ಕೇರಳದ ಮಾತು ಸುಲಭ. ಹಿಂದಿ ಹೆಸರಿದ್ದರೆ ಉತ್ತರದ ಮಾತು ಸುಲಭ. ಚಿತ್ರಕಥೆ ಎಷ್ಟು ಬಿಗಿಯಾಗಿದೆ ಅನ್ನೋದನ್ನು ಟೀಸರ್‌ನಲ್ಲಿ ತೋರಿಸೋಕಾಗಲ್ಲ, ಮುಖ ತೋರಿಸಬಹುದು.

ಅಲ್ಲಿಗೆ ನಟ ಅನ್ನೋನು ಏರಿಯಾ ಆಗಿಬಿಟ್ಟ. ಅವನ ಅಭಿನಯ ಅಲ್ಲ, ಅವನ ಊರಿನ ಥಿಯೇಟರ್‌ಗಳು ಖರೀದಿಯಾಗುತ್ತಿವೆ. ಪಾತ್ರ ಬರೆಯೋದು ಆಮೇಲಿನ ಮಾತು. ಹೀಗೆ ಶುರುವಾದ ಸಿನಿಮಾದಲ್ಲಿ ಬರಹಗಾರನಿಗೆ ಬರೋ ಆದೇಶ, “ಒಂದು ಕಥೆ ಬರಿ, ಅದಕ್ಕೆ ಯಾರು ಬೇಕು ನೋಡೋಣ” ಅಂತ ಇರಲ್ಲ. “ಇವರು ಐದು ಜನ ಇದ್ದಾರೆ, ಎಲ್ಲರಿಗೂ ಒಂದೊಂದು ಎಂಟ್ರಿ ಕೊಡು” ಅಂತ ಇರುತ್ತೆ. ಐದು ಎಂಟ್ರಿ ಸೇರಿಸಿದರೆ ಒಂದು ಕಥೆ ಆಗಲ್ಲ.

ಇದರಲ್ಲಿ ಕರ್ನಾಟಕದ್ದೇ ಆದ ಒಂದು ತಿರುವು ಇದೆ. ದಶಕಗಳ ಕಾಲ ನಮ್ಮಲ್ಲಿ ಡಬ್ಬಿಂಗ್‌ಗೆ ಅಘೋಷಿತ ನಿಷೇಧ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದನ್ನು ತಪ್ಪು ಅಂತ ಹೇಳಿ, ಚಲನಚಿತ್ರ ವಾಣಿಜ್ಯ ಮಂಡಳಿಗೂ ದಂಡ ಹಾಕಿತು. ಬೇರೆ ಭಾಷೆಯ ದೊಡ್ಡ ಸಿನಿಮಾಗಳು ಕನ್ನಡದಲ್ಲೇ ಬಂದರೆ ನಮ್ಮ ಸಿನಿಮಾ ಉಳಿಯಲ್ಲ ಅನ್ನೋದು ಅವತ್ತಿನ ಭಯ. ಮೂರೇ ವರ್ಷಕ್ಕೆ, 2018ರ ಡಿಸೆಂಬರ್‌ನಲ್ಲಿ ‘ಕೆಜಿಎಫ್’ ಅದೇ ಡಬ್ಬಿಂಗ್ ದಾರಿ ಹಿಡಿದು ಹೊರಗೆ ಹೋಗಿ ಗೆದ್ದು ಬಂತು. ಭಯ ಸುಳ್ಳಾಯಿತು. ಆದರೆ ಆ ಗೆಲುವಿನಿಂದ ಉದ್ಯಮ ಕಲಿತ ಪಾಠ ವಿಚಿತ್ರವಾದದ್ದು. ಹೊರ ರಾಜ್ಯದಲ್ಲಿ ಹೆಸರೇ ಇಲ್ಲದ ಯಶ್ ಅವರನ್ನು ಇಟ್ಟುಕೊಂಡು ‘ಕೆಜಿಎಫ್’ ಗೆದ್ದಿತ್ತು. ಉದ್ಯಮ ಮಾತ್ರ ಹೊರ ರಾಜ್ಯದಲ್ಲಿ ಗೆಲ್ಲಬೇಕಾದರೆ ಅಲ್ಲಿನ ಹೆಸರುಗಳು ಬೇಕು ಅಂತ ಅಂದುಕೊಂಡಿತು.

ಕೆಲಸ ಕೇಳಿದ ಮನುಷ್ಯನಿಗೇ ಕೆಲಸ ಇಲ್ಲ

2025ರ ಆಗಸ್ಟ್ 14ಕ್ಕೆ ಬಂದ ಲೋಕೇಶ್ ಕನಕರಾಜ್ ಅವರ ‘ಕೂಲಿ’ ಈ ಸೂತ್ರದ ಪೂರ್ಣಾವತಾರ. ರಜನಿಕಾಂತ್, ನಾಗಾರ್ಜುನ, ಉಪೇಂದ್ರ, ಸೌಬಿನ್ ಶಾಹಿರ್, ಸತ್ಯರಾಜ್, ಶ್ರುತಿ ಹಾಸನ್, ಕೊನೆಯಲ್ಲಿ ಆಮಿರ್ ಖಾನ್. ‘ಜೈಲರ್’ ಗೆದ್ದದ್ದು ಹೇಗೆ ಅಂತ ನೋಡಿ ಅದರ ಲೆಕ್ಕವನ್ನಷ್ಟೇ ಕಾಪಿ ಹೊಡೆದ ಹಾಗಿತ್ತು. ಅತಿಥಿಗಳ ಸಂಖ್ಯೆ ಏರಿತು, ಅವರು ಯಾಕೆ ಬರಬೇಕು ಅನ್ನೋದು ಉಳಿದುಹೋಯಿತು. ಆಮಿರ್ ಖಾನ್ ಬಂದ ಆ ಕೊನೆಯ ದೃಶ್ಯವನ್ನು ಅವರ ಅಭಿಮಾನಿಗಳೇ ಸಮರ್ಥಿಸಿಕೊಳ್ಳಲು ಕಷ್ಟಪಟ್ಟರು.

ನಮಗೆ ನೋವಾಗೋದು ಉಪೇಂದ್ರ ವಿಷಯದಲ್ಲಿ. 1995ರಲ್ಲಿ ‘ಓಂ’ ಮಾಡುವಾಗ ನಿಜವಾದ ಭೂಗತ ಜಗತ್ತಿನ ಮಂದಿಯನ್ನೇ ಕರೆತಂದು ಕ್ಯಾಮೆರಾ ಮುಂದೆ ನಿಲ್ಲಿಸಿದ ನಿರ್ದೇಶಕ ಅವರು. ನಟರೇ ಅಲ್ಲದವರಿಗೂ ಆ ಸಿನಿಮಾದಲ್ಲಿ ಮಾಡೋಕೆ ಕೆಲಸ ಇತ್ತು. ‘ಪ್ರೀತ್ಸೆ’ಯಲ್ಲಿ ಶಿವಣ್ಣ ನಾಯಕ, ಉಪೇಂದ್ರ ಹುಚ್ಚು ಪ್ರೇಮಿ. ಹಿಂದಿಯ ‘ಡರ್’ನ ರೀಮೇಕ್ ಆದರೂ ಇಬ್ಬರಿಗೂ ಸಮನಾದ ಕೆಲಸ ಇತ್ತು. ಎರಡು ದಶಕ ಕಳೆದ ಮೇಲೆ ಅದೇ ಇಬ್ಬರು ‘ಕಬ್ಜ’ದಲ್ಲಿ ಒಟ್ಟಿಗಿದ್ದಾರೆ ಅಂದಾಗ ನಮ್ಮ ವಯಸ್ಸಿನವರು ಆಸೆ ಪಟ್ಟಿದ್ದು ಸುಮ್ಮನೆ ಅಲ್ಲ.

ಇದೇ ಉಪೇಂದ್ರ ಖಾಕಿ ಅಂಗಿ ತೊಟ್ಟು ಪ್ರಜಾಕೀಯ ಅಂತ ಒಂದು ಪಕ್ಷ ಕಟ್ಟಿದರು. ಅವರ ರಾಜಕೀಯದ ಬಗ್ಗೆ ನನಗೆ ನೂರು ತಕರಾರಿದೆ, ಅದು ಇಲ್ಲಿ ಬೇಡ. ಆದರೆ ಅವರ ಒಂದು ಮಾತು ಸರಿ ಇತ್ತು. ರಾಜಕಾರಣಿ ನಾಯಕನಲ್ಲ, ಸಂಬಳಕ್ಕೆ ಕೆಲಸ ಮಾಡೋ ಕಾರ್ಮಿಕ, ಅವನ ಕೆಲಸ ಏನು ಅಂತ ಮೊದಲೇ ಬರೆದಿಡಬೇಕು ಅನ್ನೋದು. ‘ಕೂಲಿ’ ಅನ್ನೋ ಹೆಸರಿನ ಸಿನಿಮಾದಲ್ಲೇ ಆ ಮನುಷ್ಯನಿಗೆ ಕೆಲಸ ಇರಲಿಲ್ಲ ಅನ್ನೋದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಂದರು, ಹೊಡೆದರು, ಹೋದರು. ಮೇಲಿನ ಪರೀಕ್ಷೆ ಮಾಡಿ ನೋಡಿ. ಅವರ ಕಾಲೀಶನನ್ನು ತೆಗೆದರೆ ಕಥೆಗೆ ಏನೂ ಆಗಲ್ಲ.

ಅದೇ ಸಿನಿಮಾದಲ್ಲಿ ರಚಿತಾ ರಾಮ್ ಇದ್ದರು. ಪ್ರಚಾರದಲ್ಲಿ ಅವರ ಮುಖ ದೊಡ್ಡದಾಗಿ ಕಂಡಿರಲಿಲ್ಲ. ಮೊದಲಿಗೆ ಒಂದು ಥರ ಕಂಡು, ಆಮೇಲೆ ಬೇರೆಯೇ ಆಗೋ ಪಾತ್ರ. ಸಿನಿಮಾ ನೋಡಿ ಬಂದವರು ಸೌಬಿನ್ ಜೊತೆಗೆ ಮಾತಾಡಿದ್ದು ಅವರ ಬಗ್ಗೆ. ಯಾಕೆ? ರಚಿತಾ ಅವರನ್ನು ಯಾವ ಏರಿಯಾಗೂ ಮಾರಬೇಕಿರಲಿಲ್ಲ. ಹಾಗಾಗಿ ಅವರಿಗೆ ಪಾತ್ರ ಬರೆಯಬೇಕಾಯಿತು.

“ಸೂತ್ರ ಇಷ್ಟು ಕೆಟ್ಟದಾದರೆ ಸೋಲಬೇಕಿತ್ತಲ್ಲ?” ಅಂತ ನೀವು ಕೇಳಬಹುದು. ‘ಕೂಲಿ’ ಸೋಲಲಿಲ್ಲ, ಕೋಟಿಗಟ್ಟಲೆ ತಂದಿತು. ಮೊದಲ ದಿನಗಳ ಹಣ ಬರೋದು ಹೆಸರಿನಿಂದ. ಸಿನಿಮಾ ಹೇಗಿದೆ ಅನ್ನೋದು ಊರಿಗೆಲ್ಲ ಗೊತ್ತಾಗೋ ಹೊತ್ತಿಗೆ ಆ ಹಣ ಬಂದಾಗಿರುತ್ತೆ. 2018ರ ದೀಪಾವಳಿಗೆ ಬಂದ ‘ಥಗ್ಸ್ ಆಫ್ ಹಿಂದೂಸ್ತಾನ್’ ನೆನಪಿಸಿಕೊಳ್ಳಿ. ಅಮಿತಾಭ್, ಆಮಿರ್ ಮೊದಲ ಬಾರಿ ಒಟ್ಟಿಗೆ. ಮೊದಲ ದಿನವೇ 50 ಕೋಟಿಗೂ ಹೆಚ್ಚು ಗಳಿಸಿ, ಆಮೇಲೆ ಮಕಾಡೆ ಮಲಗಿತು. ಆಮಿರ್ ಬಹಿರಂಗವಾಗಿ ಸೋಲಿನ ಹೊಣೆ ಹೊತ್ತರು. ಆದರೆ ಆ ಮೊದಲ ದಿನದ ಅಂಕಿ ಎಲ್ಲರ ತಲೆಯಲ್ಲಿ ಕೂತುಬಿಟ್ಟಿತು. ಈ ಸೂತ್ರ ನಡೀತಿರೋದು ಅದರ ಮೇಲೆ.

ಬಾವುಟ ಆದ ಮನುಷ್ಯ

ಇದು ಬರೀ ಸಿನಿಮಾ ವ್ಯಾಪಾರದ ಮಾತಾಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ನಟನನ್ನು ಒಂದು ರಾಜ್ಯದ ಬಾವುಟದ ಹಾಗೆ ಪೋಸ್ಟರ್‌ಗೆ ಏರಿಸಿದರೆ, ಮುಂದೆ ಎಲ್ಲರೂ ಅವನನ್ನು ಬಾವುಟದ ಹಾಗೇ ನೋಡುತ್ತಾರೆ.

2018ರ ‘ದಿ ವಿಲನ್’ನಲ್ಲಿ ಶಿವಣ್ಣ, ಸುದೀಪ್ ಇಬ್ಬರೂ ಇದ್ದರು. ಸಿನಿಮಾ ಬಂದ ಮೇಲೆ ನಡೆದ ದೊಡ್ಡ ಚರ್ಚೆ ಯಾವುದು? ಕಥೆಯದ್ದಲ್ಲ. ಒಂದು ಹೊಡೆದಾಟದ ದೃಶ್ಯದಲ್ಲಿ ನಮ್ಮಣ್ಣನಿಗೆ ಅವರು ಹೊಡೆದದ್ದು ಸರೀನಾ ಅನ್ನೋದು. ನಿರ್ದೇಶಕ ಪ್ರೇಮ್ ಅಭಿಮಾನಿಗಳನ್ನು ಸಮಾಧಾನ ಮಾಡಬೇಕಾಯಿತು. ಯಾರು ಯಾರಿಗೆ ಎಷ್ಟು ಏಟು ಕೊಟ್ಟರು ಅಂತ ಅಭಿಮಾನಿಗಳು ಲೆಕ್ಕ ಇಡೋ ಕಡೆ ಬರಹಗಾರ ಏನು ಬರೆದಾನು? ಇಬ್ಬರಿಗೂ ಸಮ ಸಮ ಹಂಚಿ ಕೈ ತೊಳೆದುಕೊಳ್ಳುತ್ತಾನೆ. 2017ರ ‘ಮಫ್ತಿ’ಯಲ್ಲಿ ನರ್ತನ್ ಈ ಬಲೆಗೆ ಬೀಳಲಿಲ್ಲ. ಶಿವಣ್ಣನ ಭೈರತಿ ರಣಗಲ್ ಎಷ್ಟೋ ಹೊತ್ತು ತೆರೆ ಮೇಲೆ ಬರೋದೇ ಇಲ್ಲ, ಆದರೆ ಅಲ್ಲಿಯವರೆಗೆ ಇಡೀ ಸಿನಿಮಾ ಅವನ ಬಗ್ಗೆಯೇ ಮಾತಾಡುತ್ತೆ. ಶ್ರೀಮುರಳಿಯ ಪಾತ್ರ ಅವನನ್ನು ಹುಡುಕುತ್ತಾ ಹೋಗುತ್ತೆ. ತಡವಾಗಿ ಬಂದರೂ ಅಮ್ಮ ಅವತ್ತು ಒಂದು ಸಲವೂ “ಯಾವಾಗ್ಲೋ ಬರೋದು” ಅನ್ನಲಿಲ್ಲ.

2025ರಲ್ಲಿ ‘ಥಗ್ ಲೈಫ್’ ವಿಷಯ ನೋಡಿ. 1987ರ ‘ನಾಯಗನ್’ ನಂತರ ಕಮಲ್ ಹಾಸನ್, ಮಣಿರತ್ನಂ ಮತ್ತೆ ಜೊತೆಯಾದ ಸಿನಿಮಾ. ಸಿಲಂಬರಸನ್, ತ್ರಿಶಾ, ಅಭಿರಾಮಿ, ಜೋಜು ಜಾರ್ಜ್, ನಾಸರ್, ಸಂಗೀತಕ್ಕೆ ರೆಹಮಾನ್. ಮೇ ತಿಂಗಳಲ್ಲಿ ಚೆನ್ನೈನ ಕಾರ್ಯಕ್ರಮದಲ್ಲಿ, ಅಲ್ಲಿದ್ದ ಶಿವಣ್ಣನ ಕಡೆ ನೋಡುತ್ತಾ ಕಮಲ್ ನಿಮ್ಮ ಭಾಷೆ ತಮಿಳಿನಿಂದ ಹುಟ್ಟಿದ್ದು ಅನ್ನೋ ಅರ್ಥದ ಮಾತಾಡಿದರು. ಆ ಮಾತು ತಪ್ಪು. ಕನ್ನಡ, ತಮಿಳು ಎರಡೂ ಒಂದೇ ಹಳೆಯ ದ್ರಾವಿಡ ಬೇರಿನಿಂದ ಕವಲೊಡೆದ ಅಕ್ಕತಂಗಿಯರು, ತಾಯಿಮಗಳಲ್ಲ. ಕಮಲ್ ಕ್ಷಮೆ ಕೇಳಲಿಲ್ಲ. ವಾಣಿಜ್ಯ ಮಂಡಳಿ ಬಿಡುಗಡೆ ಇಲ್ಲ ಅಂತು. ವಿಷಯ ಹೈಕೋರ್ಟಿಗೆ, ಆಮೇಲೆ ಸುಪ್ರೀಂ ಕೋರ್ಟಿಗೆ ಹೋಯಿತು. ಗುಂಪುಗಳ ಬೆದರಿಕೆಗೆ ಸಿನಿಮಾ ನಿಲ್ಲಬಾರದು, ಕಾನೂನು ಕಾಪಾಡೋದು ಸರ್ಕಾರದ ಕೆಲಸ ಅಂತ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯ ಸರ್ಕಾರಕ್ಕೆ ಚಾಟಿ ಬೀಸಿತು. ಅದು ಸರಿಯಾದ ಮಾತು.

ಇದೆಲ್ಲ ನಡೆಯೋ ಹೊತ್ತಿಗೆ ಜೂನ್ 5ಕ್ಕೆ ಬಿಡುಗಡೆಯಾಗಿದ್ದ ಸಿನಿಮಾ ತಮಿಳುನಾಡಿನಲ್ಲೇ ಸೋತು ಮಲಗಿತ್ತು. ನಾವಿಲ್ಲಿ ವಾರಗಟ್ಟಲೆ ಬೀದಿಯಲ್ಲಿ, ಟಿವಿಯಲ್ಲಿ, ಕೋರ್ಟಿನಲ್ಲಿ ಹೊಡೆದಾಡಿದ್ದು ತನ್ನ ನಟರಿಗೇ ಕೆಲಸ ಕೊಡದ ಒಂದು ಸಿನಿಮಾದ ಸುತ್ತ. ಕಮಲ್ ಅಂದರೆ ತಮಿಳು, ಶಿವಣ್ಣ ಅಂದರೆ ಕನ್ನಡ ಅಂತ ಹಿಡಿದ ತಕ್ಷಣ ಸಿನಿಮಾ ಮಾಯವಾಯಿತು. ಪಾತ್ರವರ್ಗ ಆಯ್ಕೆ ಮಾಡೋ ನಿರ್ಮಾಪಕ ಮತ್ತು ಬ್ಯಾನ್ ಮಾಡಿ ಅನ್ನೋ ಹೋರಾಟಗಾರ ಇಬ್ಬರೂ ಒಂದೇ ಕಣ್ಣಿನಿಂದ ನಟನನ್ನು ನೋಡುತ್ತಿದ್ದಾರೆ. ಇಬ್ಬರಿಗೂ ಅವನು ಮನುಷ್ಯನಲ್ಲ, ಗಡಿ ಕಲ್ಲು.

ಎಲ್ಲರಿಗಿಂತ ಮೊದಲು ಕೆಲಸ ಕಳೆದುಕೊಳ್ಳೋರು

ಖಾತೆ ಹಂಚಿಕೆಯಲ್ಲಿ ಮೊದಲು ಖಾತೆ ಕಳೆದುಕೊಳ್ಳೋರು ಹೆಂಗಸರು. ನಮ್ಮ ಸಂಪುಟಗಳಲ್ಲೂ ಅಷ್ಟೇ, ಸಿನಿಮಾಗಳಲ್ಲೂ ಅಷ್ಟೇ. ಅಭಿರಾಮಿ ನಮಗೆ ಹೊಸಬರಲ್ಲ. ಉಪೇಂದ್ರ ಜೊತೆ ‘ರಕ್ತ ಕಣ್ಣೀರು’ ಮಾಡಿದವರು. 2004ರಲ್ಲಿ ಕಮಲ್ ಅವರದ್ದೇ ‘ವಿರುಮಾಂಡಿ’ಯಲ್ಲಿ ಅವರ ಅನ್ನಲಕ್ಷ್ಮಿ ನಾಯಕನಿಗೆ ಸರಿಸಾಟಿ, ಇಡೀ ಕಥೆಯ ಮಗ್ಗುಲು ತಿರುಗಿಸೋ ಪಾತ್ರ. ಇಪ್ಪತ್ತೊಂದು ವರ್ಷದ ಮೇಲೆ ಅದೇ ಕಮಲ್ ಎದುರು ‘ಥಗ್ ಲೈಫ್’ನಲ್ಲಿ ಅವರಿಗೆ ಕಾಯೋ ಹೆಂಡತಿಯ ಪಾತ್ರ. ‘96’ನಂಥ ಸಿನಿಮಾವನ್ನು ಹೆಗಲ ಮೇಲೆ ಹೊತ್ತ ತ್ರಿಶಾ ಅವರದ್ದು ಅಲ್ಲಿ ಇನ್ನೂ ಕನಿಕರದ ಕಥೆ. ‘ಕಬ್ಜ’ದಲ್ಲಿ ಶ್ರೀಯಾ ಸರನ್ ಮಾಡಿದ್ದೇನು ಅಂತ ಕೇಳಿದರೆ ನನಗೆ ನೆನಪಿರೋದು ಅವರ ಒಡವೆಗಳು.

ಗಂಡು ಸ್ಟಾರ್ ವ್ಯರ್ಥವಾದರೆ ಅವನಿಗೆ ಎಂಟ್ರಿ ಇರುತ್ತೆ, ಹಿನ್ನೆಲೆ ಸಂಗೀತ ಇರುತ್ತೆ, ಸಂಭಾವನೆ ಇರುತ್ತೆ. ಮುಂದಿನ ಸಿನಿಮಾಗೂ ಕರೆ ಬರುತ್ತೆ. ನಟಿಗೆ ವ್ಯರ್ಥವಾದ ಮೂರು ಸಿನಿಮಾ ಅಂದರೆ ವೃತ್ತಿಯ ಮೂರು ವರ್ಷ ಹೋದ ಹಾಗೆ. ಅಮ್ಮನ ಪಾತ್ರದ ಕರೆಗಳು ಶುರುವಾಗೋಕೆ ಅಷ್ಟು ಸಾಕು.

ಬಿಲ್ ಯಾರ ಹೆಸರಿಗೆ?

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಟಿಕೆಟ್ ಬೆಲೆಗೆ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕಿ ಅಧಿಸೂಚನೆ ಹೊರಡಿಸಿತು. ಮಲ್ಟಿಪ್ಲೆಕ್ಸ್‌ನವರು, ‘ಕೆಜಿಎಫ್’ ಮಾಡಿದ ಹೊಂಬಾಳೆ ಕೂಡ ಕೋರ್ಟಿಗೆ ಹೋದರು. ಅದೇ ತಿಂಗಳು ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ದೊಡ್ಡ ಬಜೆಟ್‌ಗೆ ದೊಡ್ಡ ಟಿಕೆಟ್ ಬೇಕು ಅನ್ನೋದು ಆ ಕಡೆಯ ವಾದ. ಸರಿ, ಬಜೆಟ್ ಯಾಕೆ ದೊಡ್ಡದಾಯಿತು ಅಂತಲೂ ಕೇಳಬೇಕಲ್ಲ? ಕಥೆಗೆ ಬೇಡದ ಐದು ಹೆಸರುಗಳ ಸಂಭಾವನೆ ಆ ಟಿಕೆಟ್‌ನಲ್ಲಿ ಸೇರಿರುತ್ತೆ. ನಾಲ್ಕು ಜನರ ಕುಟುಂಬ ಮಲ್ಟಿಪ್ಲೆಕ್ಸ್‌ಗೆ ಹೋಗಿ, ಪಾಪ್‌ಕಾರ್ನ್ ಸೇರಿಸಿ ಸಾವಿರಾರು ರೂಪಾಯಿ ಕೊಟ್ಟು ನೋಡೋದು ಒಂದು ಒಳ್ಳೆ ಫೋಟೋವನ್ನು. ಒಂದು ಸಲ ಹಾಗಾದರೆ ಆ ಕುಟುಂಬ ಮುಂದಿನ ಆರು ತಿಂಗಳು ಥಿಯೇಟರ್ ಕಡೆ ಬರಲ್ಲ. ಆ ಆರು ತಿಂಗಳಲ್ಲಿ ಬಂದ ಸಣ್ಣ ಸಿನಿಮಾಗಳು ಖಾಲಿ ಕುರ್ಚಿಗಳ ಮುಂದೆ ಓಡುತ್ತವೆ. ಅಲ್ಲಿ ಕಳೆದುಹೋಗೋ ಪ್ರತಿಭೆಯ ಹೆಸರೂ ನಮಗೆ ಗೊತ್ತಾಗಲ್ಲ.

ಇನ್ನೊಂದು ಕಡೆ ನೋಡಿ. ‘ಕೂಲಿ’ಗೆ ಮೂರು ವಾರ ಮೊದಲು, 2025ರ ಜುಲೈ 25ಕ್ಕೆ, ‘ಸು ಫ್ರಮ್ ಸೋ’ ಬಂತು. ರಾಜ್ ಬಿ. ಶೆಟ್ಟಿ ನಿರ್ಮಾಣ, ಜೆ.ಪಿ. ತೂಮಿನಾಡು ನಿರ್ದೇಶನ. ಪೋಸ್ಟರ್‌ನಲ್ಲಿ ಯಾವ ಏರಿಯಾದ ಬಾವುಟವೂ ಇರಲಿಲ್ಲ. ಶನೀಲ್ ಗೌತಮ್, ಪ್ರಕಾಶ್ ತೂಮಿನಾಡು, ದೀಪಕ್ ರೈ ಪಾಣಾಜೆ, ಸಂಧ್ಯಾ ಅರಕೆರೆ. ಕರಾವಳಿಯ ರಂಗಭೂಮಿ ನೋಡದವರಿಗೆ ಇವರಲ್ಲಿ ಎಷ್ಟೋ ಹೆಸರು ಹೊಸವು. ಸಿನಿಮಾ ನೂರು ಕೋಟಿ ದಾಟಿತು ಅಂತ ವರದಿಗಳಾದವು. ಅದಕ್ಕಿಂತ ಮುಖ್ಯ, ಅಲ್ಲಿ ಒಂದು ಸಾಲು ಮಾತಾಡಿ ಹೋಗೋನಿಗೂ ಕೆಲಸ ಇತ್ತು. ಮೇಲಿನ ಪರೀಕ್ಷೆಯನ್ನು ಅಲ್ಲಿ ಮಾಡಿ. ಯಾರನ್ನು ತೆಗೆದರೂ ಊರಲ್ಲಿ ಒಂದು ಮನೆ ಖಾಲಿಯಾದ ಹಾಗೆ ಕಾಣುತ್ತೆ. ದಶಕಗಳಿಂದ ತುಳು ನಾಟಕಗಳಲ್ಲಿ ದುಡಿದ ಆ ಪ್ರತಿಭೆ ಹೊಸದಾಗಿ ಹುಟ್ಟಿದ್ದಲ್ಲ. ಅದಕ್ಕೆ ಪಾತ್ರ ಬರೆದವರು ಸಿಕ್ಕರು, ಅಷ್ಟೇ.

ಇಲ್ಲಿ ನಮ್ಮ ಪಾಲೂ ಇದೆ. ‘ಕನ್ನಡ ಸಿನಿಮಾ ಬೆಳೆಸಿ’ ಅನ್ನೋ ಮಾತನ್ನು ನಾವು ವಿಮರ್ಶೆ ಮಾಡೋರ ಬಾಯಿ ಮುಚ್ಚಿಸೋಕೆ ಬಳಸ್ತೀವಿ. ‘ಕಬ್ಜ’ ಚೆನ್ನಾಗಿಲ್ಲ ಅಂದವನು ಕನ್ನಡ ದ್ರೋಹಿ ಆಗ್ತಾನೆ. ಸರ್ಕಾರ ಟೀಕಿಸಿದವನು ದೇಶದ್ರೋಹಿ ಅನ್ನೋದಕ್ಕೂ ಇದಕ್ಕೂ ವ್ಯತ್ಯಾಸ ಏನು ಅಂತ ಒಂದು ಸಲ ಯೋಚಿಸಿ. ಶಿವಣ್ಣನಿಗೆ, ಉಪ್ಪಿಗೆ, ಸುದೀಪ್‌ಗೆ ಒಳ್ಳೆ ಪಾತ್ರ ಬರೀರಿ ಅಂತ ಕೇಳೋದು ಅವರ ಮೇಲಿನ ಅಭಿಮಾನವೇ. ಅವರ ಪರವಾಗಿ ಕೇಳಬೇಕಾದವರು ನಾವು.

ಮುಂದಿನ ಸಲ ದೊಡ್ಡ ಪೋಸ್ಟರ್ ಬಿಟ್ಟಾಗ, ಆರು ಮುಖಗಳು ಸಾಲಾಗಿ ನಿಂತಿರೋ ಫೋಟೋ ನೋಡಿ ಶೇರ್ ಮಾಡೋ ಮುಂಚೆ ಒಂದು ಪ್ರಶ್ನೆ ಹಾಕಿ: ಇದನ್ನು ಬರೆದವರು ಯಾರು? ಆ ಹೆಸರು ಪೋಸ್ಟರ್‌ನಲ್ಲಿ ಇದೆಯಾ, ಇದ್ದರೆ ಕಣ್ಣಿಗೆ ಕಾಣುತ್ತಾ? ಸಂಪುಟ ರಚನೆಯಾದ ದಿನ ನಾವು ಫೋಟೋ ನೋಡಿ ಸುಮ್ಮನಾಗಲ್ಲ, ಯಾರಿಗೆ ಯಾವ ಖಾತೆ ಅಂತ ಕೇಳ್ತೀವಲ್ಲ. ಅಷ್ಟನ್ನೇ ಇಲ್ಲೂ ಕೇಳೋದು.

ಅಮ್ಮ ಈಗ ಥಿಯೇಟರ್‌ಗೆ ಕರೆದರೆ ಮೊದಲು ಕೇಳೋದು ಯಾರು ಇದ್ದಾರೆ ಅಂತ ಅಲ್ಲ. “ಎಷ್ಟೊತ್ತು ಇರ್ತಾರೆ? ಏನ್ ಮಾಡ್ತಾರೆ?” ಅಂತ ಕೇಳ್ತಾಳೆ. ಉತ್ತರ ಗೊತ್ತಿಲ್ಲ ಅಂದರೆ, “ನೀನೇ ನೋಡ್ಕೊಂಡು ಬಾ, ಊಟ ಹಾಕ್ತಾರೆ ಅಂದ್ರೆ ಮುಂದಿನ್ವಾರ ನಾನೂ ಬರ್ತೀನಿ” ಅಂತಾಳೆ.